ಬರಿಗೈಲಿ ಹೋಗುವ ಸೇವೆ

ಲೀಜನ್ ಆಫ್ ಮೇರಿ ಎಂಬ ಕಥೋಲಿಕ ಸೇವಾಸಂಘಕ್ಕೆ ಸೇರುವ ಮುಂಚೆ ಮರಿಯಮ್ಮನ ಭಕ್ತಿ ಎಂದರೆ ನನಗೆ ಸಂಜೆಯ ಜಪಸರ, ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಬೆಸಿಲಿಕಾದ ತೇರು, ಅಷ್ಟೇ. ಬೇಡಿಕೊಳ್ಳೋದು, ಈಡೇರಿದರೆ ಮೇಣದಬತ್ತಿ ಹಚ್ಚೋದು. ಈಗಲೂ ಹಚ್ಚುತ್ತೇನೆ. ಆದರೆ ಆ ತಾಯಿ ಮಾಡಿದ್ದನ್ನು ನಾವೂ ಮಾಡಬೇಕು ಅನ್ನುವುದು ತಲೆಗೆ ಹತ್ತಿದ್ದು ಈ ಸಂಘದಲ್ಲಿ.

1921ರ ಸೆಪ್ಟೆಂಬರ್ 7ರಂದು ಡಬ್ಲಿನ್‌ನಲ್ಲಿ ಫ್ರಾಂಕ್ ಡಫ್ ಎಂಬ ಸರ್ಕಾರಿ ನೌಕರರು, ಒಬ್ಬ ಗುರುಗಳು ಮತ್ತು ಕೆಲವು ಹೆಂಗಸರು ಸೇರಿ ಶುರುಮಾಡಿದ ಸಂಘ ಇದು. ಮೊದಲ ಕೆಲಸವೇ ಬಡವರ ಆಸ್ಪತ್ರೆಯಲ್ಲಿ ಹೆಣ್ಣು ರೋಗಿಗಳನ್ನು ಕಂಡು ಮಾತಾಡಿಸುವುದು. ನಾವು ಇವತ್ತು ಬೆಂಗಳೂರಿನ ಓಣಿಗಳಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ವಾರಕ್ಕೊಂದು ಸಭೆ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮಾತೆಯ ಸ್ವರೂಪ, ಎರಡು ಹೂದಾನಿ, ಎರಡು ಮೇಣದಬತ್ತಿ. ಮಂಡಿಯೂರಿ ಜಪಸರ, ಆಮೇಲೆ ಒಬ್ಬೊಬ್ಬರಾಗಿ ಹೋದ ವಾರದ ವರದಿ. ಒಂದೂವರೆ ಗಂಟೆ ದಾಟುವ ಹಾಗಿಲ್ಲ. ನಡುವೆ ಎಲ್ಲರೂ ಎದ್ದು ನಿಂತು ಮರಿಯಳ ಸ್ತುತಿಗೀತೆ ಹೇಳುತ್ತೇವೆ. ಮುಪ್ಪಿನಲ್ಲಿ ಬಸುರಾದ ಬಂಧು ಎಲಿಜಬೇತಳ ಮನೆ ಬಾಗಿಲಲ್ಲಿ ಮರಿಯಳ ಬಾಯಿಂದ ಹೊಮ್ಮಿದ ಅದೇ ಗೀತೆ. ಸಭೆಯಲ್ಲಿ ಕೇಳಿದ್ದು ಸಭೆಯಲ್ಲೇ ಉಳಿಯಬೇಕು. (ನಮ್ಮ ಓಣಿಯ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ನಿಯಮ ಇದೇ!)

ವಾರಕ್ಕೆ ಎರಡು ಗಂಟೆ ಕೆಲಸ, ಯಾವತ್ತೂ ಇಬ್ಬಿಬ್ಬರಾಗಿ. ದುಡ್ಡು, ಅಕ್ಕಿ, ಬಟ್ಟೆ ಏನೂ ಕೊಡಕೂಡದು. ಕಷ್ಟದಲ್ಲಿರುವವರ ಮನೆಗೆ ಬರಿಗೈಲಿ ಹೋಗೋದು ಹೇಗೆ ಎಂದು ಹೊಸಬರು ತಕರಾರು ತೆಗೆಯುತ್ತಾರೆ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ನಿಯಮವಿಲ್ಲ. ಚೀಲ ಹಿಡಿದು ಹೋದರೆ ಎಲ್ಲರ ಕಣ್ಣೂ ಚೀಲದ ಮೇಲೆ. ಕೈ ಖಾಲಿಯಿದ್ದರೆ ಕೆಲಸಕ್ಕೆ ಬರುತ್ತದೆ.

ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ. ನಮ್ಮನ್ನು ಕಂಡರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಅವರೆಕಾಯಿ ಕಾಲ, ಸೊಸೆ ಮೊರ ತುಂಬ ಕಾಯಿ ಇಟ್ಟುಕೊಂಡು ಕೂತಿದ್ದಳು. ನನ್ನ ಜೊತೆಗಿದ್ದ ಅಕ್ಕ ಏನೂ ಕೇಳದೆ ಪಕ್ಕದಲ್ಲಿ ಕೂತು ಸುಲಿಯತೊಡಗಿದರು, ನಾನೂ ಕೂತೆ. ದೇವರ ಮಾತು ಯಾರೂ ಎತ್ತಲಿಲ್ಲ. ಅರ್ಧ ಮೊರ ಮುಗಿಯುವ ಹೊತ್ತಿಗೆ ಸೊಸೆಯೇ, “ಅಕ್ಕಾ, ಮಗನಿಗೆ ಮೊದಲ ಪರಮಪ್ರಸಾದ ಕೊಡಿಸಬೇಕಿತ್ತು, ಚರ್ಚಿಗೆ ಹೋಗಿ ವರ್ಷಗಳಾಯ್ತು, ಫಾದರ್ ಬೈತಾರೇನೋ” ಅಂದಳು. ಅಜ್ಜಿ ಗೋಡೆ ಕಡೆಯಿಂದಲೇ, “ಹುಳುಕಿರೋದನ್ನ ಬೇರೆ ಹಾಕ್ರೇ” ಅಂದರು. ಅವರು ನಮ್ಮೊಡನೆ ಆಡಿದ ಮೊದಲ ಮಾತು ಅದು.

ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ, ಅಂದರೆ ಗುರುಗಳಲ್ಲದ ಸಾಮಾನ್ಯ ಭಕ್ತರು ಮಾಡುವ ಧರ್ಮಸೇವೆಯ ಬಗ್ಗೆ ಹೊರಡಿಸಿದ ಪತ್ರ ಮರಿಯಳನ್ನೇ ಆದರ್ಶವಾಗಿ ಮುಂದಿಡುತ್ತದೆ. ಅದು ಎತ್ತಿ ಹೇಳುವುದು ಆಕೆಯ ಪವಾಡಗಳನ್ನಲ್ಲ. ಎಲ್ಲರಂತೆ ಮನೆವಾರ್ತೆ, ದುಡಿಮೆಗಳ ನಡುವೆ ಬಾಳುತ್ತಲೇ ಮಗನೊಂದಿಗೆ ಒಂದಾಗಿದ್ದದ್ದನ್ನು. ಲೂಕನ ಶುಭಸಂದೇಶದಲ್ಲೂ ಆಕೆ ಎಲಿಜಬೇತಳನ್ನು ಕಾಣಲು ಬೆಟ್ಟದ ನಾಡಿಗೆ ಅವಸರದಿಂದ ಹೋದಳು, ಸುಮಾರು ಮೂರು ತಿಂಗಳು ಇದ್ದಳು ಅಂತಿದೆಯೇ ಹೊರತು ಏನು ಹೊತ್ತುಕೊಂಡು ಹೋದಳು ಅಂತಿಲ್ಲ. ಬಸುರಿ ಮುದುಕಿಯ ಮನೆಯಲ್ಲಿ ಮೂರು ತಿಂಗಳು ಇದ್ದವಳು ನೀರು ಸೇದದೆ, ಹಿಟ್ಟು ನಾದದೆ ಇದ್ದಾಳೆಯೇ?

ಹಾಗಾಗಿ “ಹೋಗಿ ಏನು ಮಾತಾಡಲಿ?” ಎನ್ನುವ ಹೊಸಬರಿಗೆ ನಾನು ಬಾಯಿಪಾಠ ಕೊಡುವುದಿಲ್ಲ. ಹೊರಡುವ ಮುಂಚೆ ಒಂದು ನಮೋ ಮರಿಯಾ ಹೇಳಿಕೊಳ್ಳಿ, ಆ ಮನೆಯಲ್ಲಿ ಏನು ಕೆಲಸ ನಡೆದಿದೆ ನೋಡಿ, ಅದಕ್ಕೆ ಕೈಹಾಕಿ ಅನ್ನುತ್ತೇನೆ. ಸೊಸೆಯನ್ನು ಫಾದರ್ ಬೈಯಲಿಲ್ಲ. ಹುಡುಗ ಈಗ ಭಾನುವಾರದ ಧರ್ಮೋಪದೇಶಕ್ಕೆ ಬರುತ್ತಿದ್ದಾನೆ.