ದರಕಿನ ಕೆಳಗಿನ ಲೆಕ್ಕ

ನಮ್ಮ ಅಡಿಕೆ ತೋಟದ ಮೇಲೆ, ತೋಟಕ್ಕೆ ಸೊಪ್ಪು, ದರಕು (ನೆಲಕ್ಕೆ ಉದುರಿದ ಒಣ ಎಲೆ) ಕೊಡುವ ಸೊಪ್ಪಿನಬೆಟ್ಟ, ಅದರ ಬೆನ್ನಿಗೆ ಕಾನು ಎಂಬ ದಟ್ಟ ಕಾಡು, ರಸ್ತೆಯ ಆಚೆ ಅಕೇಶಿಯಾ ನೆಡುತೋಪು. ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವಾಗ ಈ ಮೂರೂ ಒಂದಕ್ಕೊಂದು ತಾಗಿ ನಿಂತಿರುವುದನ್ನು ಎಷ್ಟೋ ಕಡೆ ಕಾಣಬಹುದು. ಮೂರರಲ್ಲೂ ನೆಲದ ಇರುವೆ, ದುಂಬಿಗಳನ್ನು ಎಣಿಸಬೇಕೆಂದು ನಾನು ಹೊರಟು ನಾಲ್ಕು ಮಳೆಗಾಲ ಕಳೆದಿವೆ. ಕಾನಿಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆದೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಮಾಡಬೇಕಾದದ್ದು ಅದು.

ದುಂಬಿ ಎಂಬ ಪದದ ಬಗ್ಗೆ ಒಂದು ಮಾತು. ಗಟ್ಟಿ ಕವಚದ ರೆಕ್ಕೆಯ ಈ ಹುಳುಗಳನ್ನು ಪುಸ್ತಕಗಳು ಜೀರುಂಡೆ ಎಂದೂ ಕರೆಯುತ್ತವೆ. ನಮ್ಮೂರಿನಲ್ಲಿ ಜೀರುಂಡೆ ಎಂದರೆ ಮರದಲ್ಲಿ ಕುಳಿತು ಕಿವಿಗಡಚಿಕ್ಕುವಂತೆ ಕಿರಿಚುವ ಹುಳು. ಗೊಂದಲ ಬೇಡವೆಂದು ದುಂಬಿ ಎಂದೇ ಬರೆಯುತ್ತೇನೆ.

ನನ್ನನ್ನು ಇದಕ್ಕೆ ಹಚ್ಚಿದ್ದು ಪನಾಮಾದ ಒಂದು ಕಥೆ. ಅಲ್ಲಿ ಟೆರ್ರಿ ಅರ್ವಿನ್ ಎಂಬ ವಿಜ್ಞಾನಿ ಒಂದೇ ಜಾತಿಯ 19 ಮರಗಳಿಗೆ ಕೀಟನಾಶಕದ ಹೊಗೆ ಹಾಕಿ, ಉದುರಿದ ದುಂಬಿಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಎಣಿಸಿದರು. ಅದರ ಆಧಾರದ ಮೇಲೆ 1982ರಲ್ಲಿ ಅವರು ಉಷ್ಣವಲಯದಲ್ಲಿ 3 ಕೋಟಿ ಬಗೆಯ ಸಂಧಿಪದಿಗಳು, ಅಂದರೆ ಕೀಟ, ಜೇಡಗಳಂಥ ಕೀಲುಕಾಲಿನ ಜೀವಿಗಳು, ಇರಬಹುದು ಎಂದು ಅಂದಾಜಿಸಿದರು. ಆಮೇಲಿನ ಲೆಕ್ಕಗಳು ಆ ಸಂಖ್ಯೆಯನ್ನು ಬಹಳ ಇಳಿಸಿವೆ. ಆದರೂ 19 ಮರಗಳು ನನ್ನ ತಲೆಯಿಂದ ಇಳಿಯಲಿಲ್ಲ. ಮರದ ತುದಿಗೆ ಹೊಗೆ ಹಾಕುವುದು ನನ್ನಿಂದಾಗುವ ಕೆಲಸವಲ್ಲ. ನೆಲವಂತೂ ಕೈಗೆ ಸಿಗುತ್ತದೆ.

ಐಸ್‌ಕ್ರೀಂ ಕಪ್ಪುಗಳಿಂದ ಶುರು ಮಾಡಿದೆ. ನೆಲದಲ್ಲಿ ಕಪ್ಪು ಹೂತು, ಅರ್ಧದಷ್ಟು ಉಪ್ಪುನೀರು ತುಂಬಿ, ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಹಾಕಬೇಕು. ಸಾಬೂನು ಇಲ್ಲದಿದ್ದರೆ ಸಣ್ಣ ಇರುವೆಗಳು ನೀರಿನ ಮೇಲೆ ತೇಲುತ್ತಲೇ ದಡ ಸೇರುತ್ತವೆ. ಕಪ್ಪಿನ ಅಂಚು ಮಣ್ಣಿಗೆ ಸಮನಾಗಿರಬೇಕು, ಕೂದಲೆಳೆಯಷ್ಟು ಎದ್ದಿದ್ದರೂ ಇರುವೆ ಸುತ್ತಿ ಹೋಗಿಬಿಡುತ್ತದೆ. ಮಳೆಗೆ ಮರೆಯಾಗಿ ಮೇಲೆ ಅಡಿಕೆ ಹಾಳೆಯ ತುಂಡನ್ನು ಕಡ್ಡಿಗಳ ಮೇಲೆ ನಿಲ್ಲಿಸಿದೆ. ಹೂತ ದಿನವೇ ಕಪ್ಪನ್ನು ತೆರೆಯಬಾರದೆಂದು ತಡವಾಗಿ ತಿಳಿಯಿತು. ಆಗತಾನೇ ಅಗೆದ ಮಣ್ಣಿಗೆ ಇರುವೆಗಳು ಮುತ್ತುತ್ತವೆ, ಲೆಕ್ಕ ಸುಳ್ಳಾಗುತ್ತದೆ. ಎರಡು ದಿನ ಮುಚ್ಚಿಟ್ಟು, ಆಮೇಲೆ 48 ಗಂಟೆ ತೆರೆದಿಡುವುದು ಈಗ ನನ್ನ ಕ್ರಮ.

ಆದರೆ ಕಪ್ಪಿಗೆ ಬೀಳುವುದು ಓಡಾಡುವವರು ಮಾತ್ರ. ದರಕಿನ ಪದರಗಳ ನಡುವೆಯೇ ಬಾಳುವ, ಎರಡು ಮಿಲಿಮೀಟರಿನಷ್ಟು ಉದ್ದದ ಸ್ಟ್ರುಮಿಜೆನಿಸ್‌ನಂಥ ಇರುವೆಗಳು ಅಲ್ಲಿಗೆ ಅಪರೂಪ. ಅವಕ್ಕೆ ಜರಡಿ ಬೇಕು. ಒಂದು ಚದರ ಮೀಟರಿನ ದರಕನ್ನು ಮಣ್ಣು ಕಾಣುವವರೆಗೂ ಬಾಚಿ, ಒಂದು ಸೆಂಟಿಮೀಟರ್ ಕಣ್ಣಿನ ಜರಡಿಯಲ್ಲಿ ಅಲುಗಿಸಿ, ಕೆಳಗೆ ಬಿದ್ದ ಪುಡಿಯನ್ನು ಚೀಲಕ್ಕೆ ತುಂಬಿಕೊಳ್ಳುತ್ತೇನೆ. ಮನೆಯಲ್ಲಿ ಅದನ್ನು ಬಲೆಚೀಲಕ್ಕೆ ಹಾಕಿ, ಬಟ್ಟೆಯ ದೊಡ್ಡ ಚೀಲದೊಳಗೆ ತೂಗುಹಾಕುತ್ತೇನೆ. ಪುಡಿ ಒಣಗುತ್ತ ಬಂದಂತೆ ಒಳಗಿನ ಜೀವಿಗಳು ಚಡಪಡಿಸಿ ಹೊರಬಂದು ಅಡಿಯ ಸ್ಪಿರಿಟ್ ಬಾಟಲಿಗೆ ಬೀಳುತ್ತವೆ. ಇದಕ್ಕೆ ವಿಂಕ್ಲರ್ ಚೀಲ ಎನ್ನುತ್ತಾರೆ. ನನ್ನ ಹೊರಚೀಲ ಹಳೆಯ ಪಂಚೆಯದು, ಒಳಗಿನದು ಸಂತೆಯಲ್ಲಿ ಈರುಳ್ಳಿ ತುಂಬಿ ಬರುವ ಬಲೆಚೀಲ. ವಿದ್ಯುತ್ ಬೇಡ, ನಮ್ಮೂರಿಗೆ ಅದೇ ದೊಡ್ಡ ಅನುಕೂಲ.

ಮೊದಲ ವರ್ಷ ಆಷಾಢದಲ್ಲೇ ಜರಡಿ ಹಿಡಿದೆ. ಕಾಲಿಗೆ ಉಂಬಳ, ಕೈಯಲ್ಲಿ ಹಿಂಡಿದರೆ ನೀರು ಸುರಿಯುವ ದರಕು. ಒದ್ದೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಜರಡಿಯಿಂದ ಏನೂ ಇಳಿಯಲಿಲ್ಲ. "ಕಾನಿನಲ್ಲಿ ಇರುವೆ ಕಡಿಮೆ" ಎಂದು ಪುಸ್ತಕದಲ್ಲಿ ಬರೆದಿಟ್ಟೆ. ನವೆಂಬರಿನಲ್ಲಿ ಅದೇ ಜಾಗದಲ್ಲಿ ಮತ್ತೆ ಮಾಡಿದಾಗ ಬಾಟಲಿಯ ತಳ ಇರುವೆಗಳಿಂದ ಕಪ್ಪಾಗಿತ್ತು. ಆ ಸಾಲನ್ನು ಹೊಡೆದುಹಾಕಿದೆ.

ಹಿಡಿಯುವುದಕ್ಕಿಂತ ಬೇರ್ಪಡಿಸುವುದು ಕಷ್ಟ. ಫೈಡೋಲ್ ಎಂಬ ಇರುವೆಯ ಒಂದೇ ಗೂಡಿನಲ್ಲಿ ಎರಡು ಬಗೆಯ ಕೆಲಸಗಾರರಿರುತ್ತಾರೆ, ಒಬ್ಬರದು ಸಾಧಾರಣ ತಲೆ, ಇನ್ನೊಬ್ಬರದು ಮೈಗೆ ಮೀರಿದ ತಲೆ. ಅವುಗಳನ್ನು ಎರಡು ಪ್ರಭೇದವೆಂದು ಎಣಿಸಿದ್ದೆ. ಓಂಥೋಫಾಗಸ್ ಎಂಬ ಸಗಣಿ ದುಂಬಿಯಲ್ಲೂ ಹಾಗೆಯೇ ಆಯಿತು. ಹಲವು ಪ್ರಭೇದಗಳಲ್ಲಿ ಗಂಡಿಗೆ ಕೊಂಬಿದೆ, ಹೆಣ್ಣಿಗಿಲ್ಲ, ಕಿರಿದಾಗಿ ಬೆಳೆದ ಗಂಡಿಗೂ ಕೊಂಬು ಇಲ್ಲವೆನ್ನುವಷ್ಟು ಚಿಕ್ಕದು. ಇರುವೆಗೆ ಬಿಂಗ್‌ಹ್ಯಾಮ್ 1903ರಲ್ಲಿ, ಸಗಣಿ ದುಂಬಿಗೆ ಆರೋ 1931ರಲ್ಲಿ ಬರೆದ ಸಂಪುಟಗಳನ್ನು ಎದುರಿಗಿಟ್ಟುಕೊಂಡು, ಗೊತ್ತಿದ್ದವರನ್ನು ಕೇಳಿ ಎಲ್ಲವನ್ನೂ ಮತ್ತೆ ಎಣಿಸಿದೆ. ಪಟ್ಟಿ ಗಿಡ್ಡವಾಯಿತು, ಆದರೆ ನಂಬುವಂತಾಯಿತು. ಪ್ರತಿ ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇರಲಿ. ಸ್ಪಿರಿಟ್‌ನಲ್ಲಿ ಪೆನ್ನಿನ ಶಾಯಿ ಕರಗಿಹೋಗುತ್ತದೆ.

ಸಗಣಿ ದುಂಬಿ ಎಂದ ಕೂಡಲೇ ಎಲ್ಲರಿಗೂ ಉಂಡೆ ಉರುಳಿಸುವ ಹುಳು ಕಣ್ಣಿಗೆ ಬರುತ್ತದೆ. ನಮ್ಮ ಕಾನಿನಲ್ಲಿ ನಾನು ಹೆಚ್ಚಾಗಿ ಕಂಡದ್ದು ಉರುಳಿಸುವವನ್ನಲ್ಲ, ಸಗಣಿಯ ಅಡಿಯಲ್ಲೇ ಸುರಂಗ ತೋಡಿ ಕೆಳಗೆ ಒಯ್ಯುವವನ್ನು. ಮೊದಲ ಮಳೆ ಬಿದ್ದ ವಾರದಲ್ಲಿ ಹಸುವಿನ ಸಗಣಿಯನ್ನು ಬಟ್ಟೆಯಲ್ಲಿ ಕಟ್ಟಿ ಕಪ್ಪಿನ ಮೇಲೆ ತೂಗಿಬಿಟ್ಟರೆ ಸಾಕು. ಬೆಳಿಗ್ಗೆಯೂ ಸಂಜೆಯೂ ಕಪ್ಪು ಬದಲಿಸಬೇಕು. ಹಗಲಿನವರೇ ಬೇರೆ, ರಾತ್ರಿಯವರೇ ಬೇರೆ. ಮಂಗ, ಪುನುಗು ಬೆಕ್ಕುಗಳ ಹಿಕ್ಕೆಯಲ್ಲಿ ಬಂದ ಬೀಜಗಳೂ ಈ ದುಂಬಿಗಳ ಜೊತೆ ಮಣ್ಣಿಗಿಳಿಯುತ್ತವೆ. ಇಲಿಯ ಕಣ್ಣಿಗೆ ಬೀಳದಷ್ಟು ಕೆಳಗೆ, ಆದರೆ ಮೊಳೆಯಲು ಆಗದಷ್ಟು ಆಳಕ್ಕಲ್ಲದೆ ಸೇರಿದ ಬೀಜಗಳು ಬದುಕುತ್ತವೆ.

ಮೂರನೆಯ ವರ್ಷ ಸೊಪ್ಪಿನಬೆಟ್ಟದ ಲೆಕ್ಕ ನನ್ನನ್ನು ತಬ್ಬಿಬ್ಬು ಮಾಡಿತು. ನಲವತ್ತು ಹೆಜ್ಜೆ ಅಂತರದ ಎರಡು ಚೌಕಗಳು, ಮೇಲೆ ಒಂದೇ ಬಗೆಯ ಮರಗಳು. ಒಂದರ ಚೀಲದಲ್ಲಿ ಕಾನಿನ ಸಣ್ಣ ಇರುವೆಗಳು, ಇನ್ನೊಂದರಲ್ಲಿ ಎಲ್ಲಿಯಾದರೂ ಕಾಣುವ ಮೂರು ನಾಲ್ಕು ಬಗೆ. ಚೀಟಿ ಅದಲುಬದಲಾಯಿತೇ ಎಂದು ಮತ್ತೆ ಮಾಡಿದೆ, ಹಾಗೆಯೇ ಬಂತು. ಕೊಟ್ಟಿಗೆಗೆ ದರಕು ಹೊರುವ ಪಕ್ಕದ ಮನೆಯ ಅಕ್ಕನಿಗೆ ಸುಮ್ಮನೆ ಹೇಳಿದಾಗ ಅವರು ತಡವರಿಸದೆ ಹೇಳಿದರು: "ತಂಗಿ, ಆ ಮೇಲಿನ ಬದಿಯ ದರಕನ್ನು ನಾವು ಗುಡಿಸದೆ ಎಷ್ಟೋ ವರ್ಷವಾಯಿತು. ನನಗೆ ಮಂಡಿನೋವು ಶುರುವಾದ ಮೇಲೆ ಅಲ್ಲಿಗೆ ಹತ್ತಲಿಲ್ಲ."

ದರಕು ದಪ್ಪವಾದರೆ ಸಾಕು ಎಂದೂ ಹೇಳುವಂತಿಲ್ಲ. ಅಕೇಶಿಯಾದಡಿಯಲ್ಲಿ ಹಾಸು ದಪ್ಪವಾಗಿಯೇ ಇದೆ, ಅಲ್ಲಿ ನನ್ನ ಕಪ್ಪುಗಳಲ್ಲಿ ತುಂಬಿದ್ದು ಉದ್ದ ಕಾಲಿನ ಹಳದಿ ಇರುವೆ, ಆನೊಪ್ಲೊಲೆಪಿಸ್. ಕಾರಣ ಹುಡುಕುವಾಗ 2004ರಲ್ಲಿ ಪ್ರಕಟವಾದ ಕೊಲಂಬಿಯಾದ ಒಂದು ಪ್ರಯೋಗ ಓದಿದೆ. ಒಂದೇ ಜಾತಿಯ ಮರದ ಟೊಳ್ಳು ಪುಳ್ಳೆಗಳನ್ನು (ಒಣಕಡ್ಡಿಗಳನ್ನು) ಇಟ್ಟಲ್ಲಿಗಿಂತ ಎಂಟು ಜಾತಿಯ ಮರಗಳ ಪುಳ್ಳೆಗಳನ್ನು ಬೆರೆಸಿಟ್ಟಲ್ಲಿ ಹೆಚ್ಚು ಬಗೆಯ ಇರುವೆಗಳು ಗೂಡು ಮಾಡಿದ್ದವು. ಆಮೇಲೆ ನಾನು ಪುಳ್ಳೆಗಳನ್ನೂ ಒಡೆದು ನೋಡತೊಡಗಿದೆ. ಮೇಲಿನ ಬದಿಯಲ್ಲಿ ಬೆರಳುದ್ದದ ಕೊಳೆತ ಪುಳ್ಳೆಯೊಳಗೆ ರಾಣಿ, ಮರಿ, ಕೆಲಸಗಾರರು ಸೇರಿ ಇಡೀ ಸಂಸಾರವೇ ಸಿಕ್ಕಿತು. ಗುಡಿಸಿದ ಬದಿಯ ಪುಳ್ಳೆಗಳು ಬಚ್ಚಲೊಲೆಗೆ ಹೋಗಿದ್ದವು.

ಆ ಮೇಲಿನ ಬದಿಯಲ್ಲೇ ನನಗೆ ಜಿಗಿಯುವ ಇರುವೆ, ಹಾರ್ಪೆಗ್ನಾಥಸ್ ಸಾಲ್ಟೇಟರ್, ಕಂಡದ್ದು. ಮುಖ ತುಂಬ ಕಣ್ಣು, ಮುಂದಕ್ಕೆ ಚಾಚಿದ ಉದ್ದ ದವಡೆ, ಬೆಚ್ಚಿದರೆ ಹಲವು ಸೆಂಟಿಮೀಟರು ಜಿಗಿತ. ಪ್ರಾಣಿಶಾಸ್ತ್ರಜ್ಞ ಜೆರ್ಡನ್ 1851ರಲ್ಲಿ ಇದನ್ನು ಮೊದಲು ವಿವರಿಸಿದ. ಇದು ತನ್ನ ಗೂಡಿನ ಕೋಣೆಗಳ ಗೋಡೆಗೆ ಇರುವೆಗಳು ಹೊರಬಂದು ಖಾಲಿಯಾದ, ರೇಷ್ಮೆಗೂಡಿನಂಥ ಕೋಶಗಳನ್ನು ಹರಿದು ಹೊದಿಸುತ್ತದೆ. ಬೇಟೆ ಮಾತ್ರ ದರಕಿನ ಜಿರಲೆ, ಮಿಡತೆ, ಜೇಡಗಳದ್ದು.

ಕೊಟ್ಟಿಗೆಗೆ ದರಕು ಬೇಕೇ ಬೇಕು, ಅದಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಅಕ್ಕನೂ ನಾನೂ ಬೆಟ್ಟವನ್ನು ಮೂರು ಪಟ್ಟಿ ಮಾಡಿ ಮರಗಳಿಗೆ ಸುಣ್ಣದ ಗುರುತು ಹಾಕಿದ್ದೇವೆ. ವರ್ಷಕ್ಕೆ ಒಂದನ್ನು ಮುಟ್ಟುವುದಿಲ್ಲ, ಮೇಲಿನ ಬದಿಯನ್ನು ಎಂದೂ ಮುಟ್ಟುವುದಿಲ್ಲ. ಕಳೆದ ನವೆಂಬರಿನಲ್ಲಿ, ಒಂದೇ ವರ್ಷ ಬಿಟ್ಟ ಪಟ್ಟಿಯ ಚೀಲದಲ್ಲಿ ಐದು ಸ್ಟ್ರುಮಿಜೆನಿಸ್ ಬಿದ್ದವು. ಮೇಲಿನ ಬದಿಗೆ ಹೋಲಿಸಿದರೆ ಅದು ತೀರ ಕಡಿಮೆ. ಅವುಗಳ ಸೀಸೆಯನ್ನು ಅಕ್ಕನಿಗೆ ಭೂತಗನ್ನಡಿಯಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದ ಅವರು, ಆ ಪಟ್ಟಿಯನ್ನು ಇನ್ನೂ ಒಂದು ವರ್ಷ ಹಾಗೆಯೇ ಬಿಡೋಣ ಎಂದರು.