ಫೈರ್‌ವಾಲ್ ಆಫ್ ಮಾಡದೆ ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಸಾಗಿಸುವ ಬಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಒಂದು ಡಿಟಿಪಿ ಅಂಗಡಿ ಇದೆ ಎಂದುಕೊಳ್ಳೋಣ. ಒಂದು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆಯ ವಿನ್ಯಾಸ ನಡೆಯುತ್ತದೆ, ಇನ್ನೊಂದು ಅದನ್ನು ಮುದ್ರಣಕ್ಕೆ ಕಳುಹಿಸುತ್ತದೆ. ಫೈಲ್ ಸಾಗದಿದ್ದಾಗ, ಹೊರಗಿನಿಂದ ಬರುವ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲನ್ನೇ ಆಫ್ ಮಾಡುವವರು ಬಹಳ. ಅದು ತಪ್ಪು. ವಿಂಡೋಸ್‌ನ ಫೈಲ್ ಹಂಚಿಕೆಗೆ ಬೇಕಾದದ್ದು ಮುಖ್ಯವಾಗಿ ಟಿಸಿಪಿ 445ನೇ ಪೋರ್ಟ್ (ಸಂಪರ್ಕ ಒಳಬರುವ ಸಂಖ್ಯೆಯಿಟ್ಟ ಬಾಗಿಲು) ಒಂದೇ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿದ್ದೂ ಇದರ ಮೂಲಕವೇ ಆದ್ದರಿಂದ, ಅದನ್ನು ಯಾರಿಗೆ ತೆರೆಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ವಿಂಡೋಸ್ ಫೈರ್‌ವಾಲ್ ಹೊರಹೋಗುವ ಸಂಪರ್ಕವನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಹಾಗಾಗಿ ಹಂಚಿಕೊಂಡ ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಬದಲಾವಣೆ ಸಾಕು. ಮೊದಲು ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಸಂಪರ್ಕವನ್ನು 'ಪ್ರೈವೇಟ್' ಎಂದು ಗುರುತಿಸಬೇಕು. ನಿನ್ನೆಯವರೆಗೆ ಸರಿಯಿದ್ದ ಹಂಚಿಕೆ ರೌಟರ್ ಬದಲಿಸಿದ ಮೇಲೆ ನಿಂತುಹೋದರೆ ಕಾರಣ ಇಲ್ಲೇ ಇರುವುದು ಹೆಚ್ಚು: ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು 'ಪಬ್ಲಿಕ್' ಪಟ್ಟಿಗೆ ಸೇರಿಸಿರುತ್ತದೆ.

ಬಳಿಕ ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಡಿಫೆಂಡರ್ ಫೈರ್‌ವಾಲ್‌ನಲ್ಲಿ, ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ತೆರೆದು, 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎದುರಿನ ಪ್ರೈವೇಟ್ ಚೌಕಕ್ಕೆ ಗುರುತು ಹಾಕಿ, ಪಬ್ಲಿಕ್ ಚೌಕವನ್ನು ಖಾಲಿ ಬಿಡಬೇಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಗಿರಾಕಿಗಳಿಗೂ ಅದೇ ವೈಫೈ ಪಾಸ್‌ವರ್ಡ್ ಕೊಡುವ ಅಂಗಡಿಯಲ್ಲಿ ಅವರ ಲ್ಯಾಪ್‌ಟಾಪ್‌ಗಳೂ ನಿಮ್ಮ ಸ್ಥಳೀಯ ನೆಟ್‌ವರ್ಕಿನೊಳಗೇ ಇರುತ್ತವೆ. ಅಂಥಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನ ಇನ್‌ಬೌಂಡ್ ರೂಲ್ಸ್‌ಗೆ ಹೋಗಿ, ಪ್ರೈವೇಟ್ ಪ್ರೊಫೈಲಿನ 'ಎಸ್‌ಎಂಬಿ-ಇನ್' ನಿಯಮದ (445ರ ಮೂಲಕ ಒಳಬರುವ ಫೈಲ್ ಹಂಚಿಕೆಯ ನಿಯಮ) ಸ್ಕೋಪ್ ಪುಟದಲ್ಲಿ, ರಿಮೋಟ್ ವಿಳಾಸವಾಗಿ ಇನ್ನೊಂದು ಕಂಪ್ಯೂಟರಿನ ಐಪಿಯನ್ನಷ್ಟೇ (ನೆಟ್‌ವರ್ಕಿನಲ್ಲಿ ಅದರ ಸಂಖ್ಯಾ ವಿಳಾಸ) ಬರೆಯಿರಿ. ಹೊಸ ವಿಂಡೋಸ್ 11ರಲ್ಲಿ 'ರಿಸ್ಟ್ರಿಕ್ಟಿವ್' ಎಂಬ ಹೆಸರಿನ ನಿಯಮವೂ ಸಕ್ರಿಯವಾಗಿದ್ದರೆ ಅದಕ್ಕೂ ಹೀಗೆಯೇ ಮಾಡಬೇಕು. ಕರೆಂಟು ಹೋಗಿಬಂದ ಮೇಲೆ ಆ ಐಪಿ ಬದಲಾಗದಂತೆ ರೌಟರಿನಲ್ಲಿ ಅದನ್ನು ಆ ಕಂಪ್ಯೂಟರಿಗೇ ಕಾಯ್ದಿರಿಸಿ. ಗಿರಾಕಿಗಳಿಗೆ ರೌಟರಿನ ಗೆಸ್ಟ್ ವೈಫೈ ಕೊಡುವುದು ಇನ್ನೂ ಒಳ್ಳೆಯದು.

ಈಗ ಎರಡನೆಯ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ಹಿಂಬದಿ ಓರೆಗೆರೆ ಹಾಕಿ ಹಂಚಿಕೊಂಡ ಫೋಲ್ಡರ್ ಇರುವ ಕಂಪ್ಯೂಟರಿನ ಐಪಿ ಬರೆದು ಎಂಟರ್ ಒತ್ತಿ. ಪಾಸ್‌ವರ್ಡ್ ಕೇಳಿದರೆ ಫೈರ್‌ವಾಲ್ ದಾರಿ ಬಿಟ್ಟಿದೆ ಎಂದರ್ಥ. ಆಮೇಲೂ ಫೋಲ್ಡರ್ ತೆರೆಯದಿದ್ದರೆ ಖಾತೆಯ ಹಾಗೂ ಫೋಲ್ಡರಿನ ಅನುಮತಿಗಳನ್ನು ನೋಡಬೇಕು. ಬಹಳ ಹೊತ್ತು ತಿರುಗಿ, ದಾರಿಯೇ ಸಿಗಲಿಲ್ಲ ಎಂದು ಬಂದರೆ, ಆ್ಯಂಟಿವೈರಸ್ ತನ್ನದೇ ಬೇರೆ ಫೈರ್‌ವಾಲ್ ನಡೆಸುತ್ತಿದೆಯೇ ಎಂದು ಪರೀಕ್ಷಿಸಿ. ಏನೇ ಆದರೂ, ಇಂಟರ್ನೆಟ್ಟಿನಿಂದ ಒಳಗೆ ದಾರಿ ತೆರೆಯುವ ರೌಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ 445 ಎಂದು ಬರೆಯಬೇಡಿ.