ಟೆಸ್ಟ್‌ಗೆ ಬಾ ಅಂತ ಮೆಸೇಜ್ ಕಳಿಸಿದ್ದು: ನನ್ನ ಅನುಭವ

ನಾನು ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಹದಿನಾರು ಹದಿನೇಳರ ಮಕ್ಕಳನ್ನು ಎಸ್‌ಎಂಎಸ್ ಕಳಿಸಿ ಟೆಸ್ಟ್‌ಗೆ ಕರೆಯೋಣ ಅಂತ ಹೊರಟಾಗ ಮೊದಲ ಮೆಸೇಜಿನಲ್ಲೇ ಎಡವಿದೆ. ಅದರಲ್ಲಿ 'ಎಚ್‌ಐವಿ' ಅಂತ ನೇರವಾಗಿ ಬರೆದಿದ್ದೆ. ಒಬ್ಬಳ ಫೋನ್ ಮೇಜಿನ ಮೇಲಿತ್ತಂತೆ, ಸ್ಕ್ರೀನ್ ಬೆಳಗಿತು, ಅವರಮ್ಮ ಓದಿದರು. ಮರುದಿನ ಫೋನ್ ಮಾಡಿ, 'ಅಕ್ಕಾ, ಇನ್ನು ಏನೂ ಕಳಿಸಬೇಡಿ' ಅಂದಳು. ಮತ್ತೆ ಬರಲೇ ಇಲ್ಲ.

ಈಗ ನಂಬರ್ ಬರೆದುಕೊಳ್ಳುವಾಗಲೇ ಕೇಳುತ್ತೇನೆ: ಈ ಫೋನ್ ಬೇರೆ ಯಾರ ಕೈಗೆ ಹೋಗುತ್ತೆ, ಯಾವ ಹೊತ್ತಿಗೆ ಕಳಿಸಲಿ, ಏನಂತ ಕಳಿಸಲಿ? ಒಬ್ಬ ಹುಡುಗ 'ಪುಸ್ತಕ ವಾಪಸ್ ಕೊಡೋದಿದೆ' ಅಂತ ಕಳಿಸಿ ಅಂದ. ಸರಿ, ಅದೇ. ಬೇಡ ಅಂತ ಒಂದು ಪದ ಉತ್ತರಿಸಿದರೂ ಸಾಕು, ಅಲ್ಲಿಗೆ ನಿಲ್ಲಿಸುತ್ತೇನೆ. ಯಾವ ವಯಸ್ಸಿಗೆ ಯಾರ ಒಪ್ಪಿಗೆ ಬೇಕು ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಉದ್ದದ ತಲೆನೋವು ಬೇರೆ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್‌ಎಂಎಸ್‌ಗೆ 160, ನಮ್ಮ ಲಿಪಿಯಲ್ಲಿ ಬರೀ 70. ಅದರಲ್ಲೂ ಒತ್ತು, ದೀರ್ಘ ಎಲ್ಲಾ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಒಂದೇ ಆರು ತಿನ್ನುತ್ತೆ! ಹಾಗಾಗಿ ಉಪದೇಶಕ್ಕೆ ಜಾಗವೇ ಇರಲಿಲ್ಲ. ಒಳ್ಳೇದೇ ಆಯ್ತು.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ರಿಪೋರ್ಟ್ ಮೆಸೇಜಿನಲ್ಲಿ ಕೊಡಲ್ಲ, ನೆಗೆಟಿವ್ ಬಂದರೂ ಕೊಡಲ್ಲ. ಒಂಬತ್ತು ಜನಕ್ಕೆ 'ಏನೂ ಇಲ್ಲ' ಅಂತ ಕಳಿಸಿ ಹತ್ತನೆಯವನಿಗೆ 'ಬಂದು ಹೋಗು' ಅಂದರೆ ಅವನಿಗೆ ದಾರಿಯಲ್ಲೇ ಗೊತ್ತಾಗಿಬಿಡುತ್ತೆ, ಅಲ್ವಾ?

ಟೆಸ್ಟ್ ಯಾವಾಗ ಅನ್ನೋದನ್ನೂ ಎದುರಿಗೆ ಕೂರಿಸಿಕೊಂಡೇ ಹೇಳುತ್ತೇನೆ. ಬೆರಳು ಚುಚ್ಚಿ ಮಾಡುವ ಟೆಸ್ಟ್‌ನಲ್ಲಿ ಸೋಂಕು ಕಾಣಲು 90 ದಿನದವರೆಗೂ ಹಿಡಿಯಬಹುದು. ವಾರಕ್ಕೇ ಮಾಡಿಸಿ ನೆಗೆಟಿವ್ ಅಂತ ನಿರಾಳ ಆಗೋರು ಜಾಸ್ತಿ, ಮೂರು ತಿಂಗಳ ಮೇಲೆ ನೆನಪಿಸೋ ಮೆಸೇಜ್ ಇಟ್ಟಿರೋದು ಅದಕ್ಕೇ. ಆದರೆ ನಿನ್ನೆ ಮೊನ್ನೆ ಏನಾದರೂ ಆಗಿದ್ದರೆ ಯಾವ ಮೆಸೇಜಿಗೂ ಕಾಯುವ ಹಾಗಿಲ್ಲ. ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಗೋಬೇಕು.

ಕೀನ್ಯಾದಲ್ಲಿ ಎಚ್‌ಐವಿ ಮಾತ್ರೆ ತಗೋತಿದ್ದವರಿಗೆ ವಾರಕ್ಕೊಮ್ಮೆ 'ಮಾಂಬೋ?', ಅಂದರೆ 'ಹೇಗಿದ್ದೀಯಾ?' ಅಂತಷ್ಟೇ ಕಳಿಸುತ್ತಿದ್ದರು. ಅವರು ಮಾತ್ರೆ ತಪ್ಪಿಸೋದು ಕಡಿಮೆಯಾಯ್ತು ಅಂತ 2010ರಲ್ಲಿ ವರದಿ ಬಂತು. ಅದು ಟೆಸ್ಟ್ ವಿಷಯ ಅಲ್ಲ, ಆದರೂ ನಾನು ಎರವಲು ತಗೊಂಡೆ. 'ಬಂದು ಟೆಸ್ಟ್ ಮಾಡಿಸಿ' ತೆಗೆದು 'ಹೇಗಿದ್ದೀಯಾ?' ಹಾಕಿದೆ. ರಾತ್ರಿ ಹನ್ನೊಂದಕ್ಕೆ ಪುಸ್ತಕದ ಹುಡುಗನ ಉತ್ತರ ಬಂತು: 'ರಕ್ತ ಎಷ್ಟು ತಗೋತೀರಾ?' ಒಂದು ಹನಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಅಲ್ಲಿ ಯಾರ್ಯಾರು ಕೂತಿರ್ತಾರೆ?' ಅವನನ್ನು ತಡೆದಿದ್ದು ಸೂಜಿ ಅಲ್ಲ, ಆ ಬೆಂಚು. 'ನಾಲ್ಕಕ್ಕೆ ಬಾ, ಹಿಂದಿನ ಬಾಗಿಲು ತೆಗೆದಿರುತ್ತೆ, ನಾನೇ ಇರ್ತೀನಿ' ಅಂತ ಬರೆದೆ.

ಮೂರೂಮುಕ್ಕಾಲಿಗೇ ಬಂದು ನಿಂತಿದ್ದ.